ಕಾರ್ಡ್ ಸಾಲಕ್ಕೂ ಸಲಹೆಯ ಮೇಜು ಬೇಕು: ಬಾಗಲಕೋಟೆ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಜಿಲ್ಲೆಯ ಬ್ಯಾಂಕುಗಳ ಪರಿಶೀಲನಾ ಸಭೆಗೆ ತಾವೇ ಅಧ್ಯಕ್ಷರು. ಮುಂದಿನ ಸಭೆಯಲ್ಲಿ ಬೆಳೆಸಾಲ, ಮುದ್ರಾ ಸಾಲಗಳ ಜೊತೆಗೆ ಕ್ರೆಡಿಟ್ ಕಾರ್ಡ್ ಬಾಕಿಯ ವಿಷಯವನ್ನೂ ಎತ್ತಬೇಕು, ಕಾರ್ಡ್ ಸಾಲಗಾರರಿಗೆ ಸಲಹೆ ಕೊಡುವ ಒಂದು ಮೇಜು ಹಾಕಿಸಬೇಕು ಎಂದು ಕೇಳಲು ಈ ಪತ್ರ. ರಬಕವಿ-ಬನಹಟ್ಟಿಯ ಮಗ್ಗದವರಿಗೆ ಸೀರೆ ಮಾರಿದಾಗ ದುಡ್ಡು, ಮುಧೋಳ, ಜಮಖಂಡಿಯ ಕಬ್ಬಿನವರಿಗೆ ಕಾರ್ಖಾನೆ ಬಿಲ್ ಆದಾಗ ದುಡ್ಡು. ಕಾರ್ಡಿನ ಬಿಲ್ಲು ಮಾತ್ರ ತಿಂಗಳು ತಪ್ಪದೆ ಬರುತ್ತದೆ. ಕೈಯಲ್ಲಿ ಹಣ ಇಲ್ಲದ ತಿಂಗಳು ಜನ ‘ಮಿನಿಮಮ್’, ಅಂದರೆ ಬಿಲ್ಲಿನಲ್ಲಿ ಆ ತಿಂಗಳು ಕಟ್ಟಲೇಬೇಕೆಂದಿರುವ ಕನಿಷ್ಠ ಮೊತ್ತ, ಕಟ್ಟಿ ನಿಟ್ಟುಸಿರು ಬಿಡುತ್ತಾರೆ. ಬಾಕಿ ಬೆಳೆಯುವುದು ಅಲ್ಲಿಂದಲೇ.

ಲೆಕ್ಕ ನೋಡಿ. 1,00,000 ರೂಪಾಯಿ ಬಾಕಿಗೆ ತಿಂಗಳಿಗೆ ಶೇ 3.5ರ ಬಡ್ಡಿ 3,500. ಅದರ ಮೇಲೆ ಶೇ 18 ಜಿಎಸ್‌ಟಿ 630. ಒಟ್ಟು 4,130. ಮಿನಿಮಮ್ ಶೇ 5 ಎಂದರೆ 5,000 ಕಟ್ಟಿದಾಗ ಅಸಲಿಗೆ ಹೋಗುವುದು ಬರೀ 870. ಹೀಗೇ ಒಂದು ವರ್ಷ ನಡೆದರೆ ಹೆಚ್ಚೂಕಡಿಮೆ 57,000 ಕಟ್ಟಿಯೂ 90,000 ಉಳಿದೇ ಇರುತ್ತದೆ. ಹಳೆಯ ಬಾಕಿ ಇರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ದಿನಗಳಿಲ್ಲ. ಕಿರಾಣಿ ಅಂಗಡಿಯಲ್ಲಿ ಉಜ್ಜಿದ 800 ರೂಪಾಯಿಗೂ ಅಂದಿನಿಂದಲೇ ಬಡ್ಡಿ.

ಬ್ಯಾಂಕಿಗೆ ಅರ್ಜಿ ಕೊಟ್ಟು ಅದೇ 1,00,000ವನ್ನು ವರ್ಷಕ್ಕೆ ಶೇ 18ರಂತೆ 24 ಕಂತುಗಳಿಗೆ ಬದಲಾಯಿಸಿಕೊಂಡರೆ ತಿಂಗಳ ಕಂತು 4,992. ಬಡ್ಡಿಯ ಮೇಲಿನ ಜಿಎಸ್‌ಟಿ ಮೊದಲ ತಿಂಗಳು 270, ಆಮೇಲೆ ಇಳಿಯುತ್ತ ಹೋಗುತ್ತದೆ. ಪ್ರೊಸೆಸಿಂಗ್ ಶುಲ್ಕ ಬೇರೆ. ಎರಡೂ ಕಡೆ ಜೇಬಿನಿಂದ ಹೋಗುವುದು ಸುಮಾರು ಅಷ್ಟೇ, ಆದರೆ ಇಲ್ಲಿ ಎರಡು ವರ್ಷಕ್ಕೆ ಸಾಲ ಮುಗಿಯುತ್ತದೆ. ಇಷ್ಟು ಹೇಳಲು ನಮ್ಮ ಜಿಲ್ಲೆಯಲ್ಲಿ ಒಂದು ಮೇಜು ಬೇಡವೇ?

ಕಂತು ಮಾಡಿಸಿಕೊಂಡವರೂ ಎಡವುವುದುಂಟು. ಕಂತಿನ ಮೊತ್ತ ಆಯಾ ತಿಂಗಳ ಮಿನಿಮಮ್‌ನಲ್ಲೇ ಸೇರಿರುತ್ತದೆ. ಬಿಲ್ ಪೂರ್ತಿ ಕಟ್ಟದಿದ್ದರೆ ಉಳಿದದ್ದಕ್ಕೆ ಮತ್ತೆ ಹಳೆಯ ದರ. ಆದ್ದರಿಂದ ಅರ್ಜಿ ಕೊಟ್ಟ ದಿನವೇ ಕಾರ್ಡ್ ಬಳಕೆ ನಿಲ್ಲಿಸಬೇಕು, ಯುಪಿಐಗೆ ಜೋಡಿಸಿದ ರುಪೇ ಕಾರ್ಡನ್ನೂ ತೆಗೆಯಬೇಕು. ಮೂರು ಕಾರ್ಡ್ ಇದ್ದರೆ ಎಲ್ಲಕ್ಕೂ ಮಿನಿಮಮ್ ಕಟ್ಟಿ, ಮಿಕ್ಕ ಹಣವನ್ನೆಲ್ಲ ಹೆಚ್ಚು ಬಡ್ಡಿಯ ಕಾರ್ಡಿಗೆ ಹಾಕಬೇಕು. ಒಂದು ಕಾರ್ಡಿನಿಂದ ನಗದು ತೆಗೆದು ಇನ್ನೊಂದಕ್ಕೆ ಕಟ್ಟುವುದು ಎಲ್ಲಕ್ಕಿಂತ ಕೆಟ್ಟ ದಾರಿ: ನಗದಿಗೆ ಮೊದಲ ದಿನದಿಂದಲೇ ಬಡ್ಡಿ, ಮೇಲೆ ಶುಲ್ಕ.

‘ಕಟ್ಟುವುದು ನಿಲ್ಲಿಸಿ, ಅರ್ಧಕ್ಕೆ ಸೆಟ್ಲ್ ಮಾಡಿಸಿಕೊಡುತ್ತೇವೆ’ ಎಂದು ಫೋನ್ ಮಾಡುವ ಮಧ್ಯವರ್ತಿಗಳ ವಿಷಯವನ್ನು ತಾವು ಬಿಗಿಯಾಗಿ ನೋಡಬೇಕು. ಅವರ ಶುಲ್ಕ ಮೊದಲು, ಫಲ ಆಮೇಲೆ. ಅಷ್ಟರಲ್ಲಿ 90 ದಿನ ದಾಟಿ ಖಾತೆ ಬ್ಯಾಂಕಿನ ಲೆಕ್ಕದಲ್ಲಿ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗಿರುತ್ತದೆ. ಸೆಟ್ಲ್‌ಮೆಂಟ್ ಮಾಡಲೇಬೇಕಾದರೆ ಸಾಲಗಾರ ನೇರವಾಗಿ ಬ್ಯಾಂಕಿನಿಂದ ಮೊತ್ತ, ಕೊನೆಯ ದಿನಾಂಕ ಬರೆದ ಪತ್ರ ಪಡೆಯಬೇಕು. ಹಣವನ್ನು ಕಾರ್ಡ್ ಖಾತೆಗೇ ಹಾಕಬೇಕು, ವಸೂಲಿದಾರನ ಫೋನ್‌ಪೇಗೆ ಅಲ್ಲ. ಕೊನೆಗೆ ಬಾಕಿ ಇಲ್ಲವೆಂಬ ಪತ್ರ. ಆಗಲೂ ನಮ್ಮ ಸಾಲದ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ‘ಕ್ಲೋಸ್ಡ್’ (ಪೂರ್ತಿ ತೀರಿದೆ) ಬದಲು ‘ಸೆಟಲ್ಡ್’ ಎಂದೇ ಕಾಣುತ್ತದೆ, ಮುಂದೆ ಮನೆ ಸಾಲ ಕೇಳುವಾಗ ಅದು ಅಡ್ಡ ಬರುತ್ತದೆ. ಲೋಕ ಅದಾಲತ್‌ನಲ್ಲಿ ಒಪ್ಪಿದ ಕಂತಿನ ಮೇಲೆ ಅಪೀಲು ಇಲ್ಲ. ಕಟ್ಟಲಾಗದ ಮೊತ್ತಕ್ಕೆ ಅಲ್ಲಿ ಸಹಿ ಹಾಕಬಾರದು.

ರಿಸರ್ವ್ ಬ್ಯಾಂಕಿನ 2009ರ ಮಾದರಿ ಯೋಜನೆಯಲ್ಲಿ ಆರ್ಥಿಕ ಸಾಕ್ಷರತೆಯ ಜೊತೆಗೆ ಸಾಲದ ಸಲಹೆಯೂ ಉಚಿತ ಕೆಲಸವೆಂದೇ ಇತ್ತು. ಹೊಸ ಕಚೇರಿ ಬೇಡ. ಜಿಲ್ಲೆಯ ಆರ್ಥಿಕ ಸಾಕ್ಷರತಾ ಕೇಂದ್ರದ ಸಲಹೆಗಾರರು ವಾರಕ್ಕೊಂದು ದಿನ ನವನಗರದಲ್ಲಿ, ತಿಂಗಳಿಗೊಮ್ಮೆ ಇಳಕಲ್, ಬನಹಟ್ಟಿ, ಜಮಖಂಡಿಯಲ್ಲಿ ಕೂತರೆ ಸಾಕು. ಬರುವವರು ಮೂರು ತಿಂಗಳ ಬಿಲ್ಲು, ಪಾಸ್‌ಬುಕ್, ಸಿಬಿಲ್ ವರದಿ ತರಲಿ. ವರದಿ ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ. ಸಲಹೆಗಾರರು ಬಡ್ಡಿಯ ಲೆಕ್ಕ ಹಾಕಿ ಕಂತಿನ ಅರ್ಜಿ ಬರೆದುಕೊಡಲಿ. ಆ ಅರ್ಜಿಗೆ ಉತ್ತರಿಸುವ ಒಬ್ಬ ಅಧಿಕಾರಿಯ ಹೆಸರನ್ನು ಪ್ರತಿ ಬ್ಯಾಂಕೂ ಸಭೆಯಲ್ಲೇ ಕೊಡುವಂತೆ ತಾವು ಸೂಚಿಸಬೇಕು.

ಮೇಜಿನ ಪಕ್ಕದ ಫಲಕಕ್ಕೆ ಎರಡು ಸಾಲು ಸಾಕು: ವಸೂಲಿ ಕರೆ ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಮಾಡುವಂತಿಲ್ಲ. ಬ್ಯಾಂಕಿಗೆ ಬರೆದು 30 ದಿನ ಕಳೆದರೂ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಮಾಹಿತಿಗೆ 14448.

ಇಂತಿ,
ಬ್ಯಾಂಕ್ ಸಾಲದ ವ್ಯವಹಾರ ಬಲ್ಲ ಬಾಗಲಕೋಟೆಯ ಕೆಲವು ನಾಗರಿಕರು