ಇಳಿಯುವಾಗಿನ ಅಪಘಾತಕ್ಕೆ ಪೈಲಟ್ ಒಬ್ಬನೇ ಕಾರಣನೇ?

ಮಾನ್ಯ ಸಂಪಾದಕರೇ,

ಎರಡನೇ ಮಹಾಯುದ್ಧದ ನಂತರದ ಪ್ರೊಪೆಲ್ಲರ್ ಫೈಟರ್ ಇಳಿಯುವಾಗ ಉರುಳಿದರೆ ಸುಮ್ನೆ ಪೈಲಟ್‌ನನ್ನು ದೂರುವವರೇ ಜಾಸ್ತಿ. ನಿವೃತ್ತ ವಿಮಾನ ಮೆಕ್ಯಾನಿಕ್ ಆದ ನನಗೆ ಇದು ಸರಿ ಕಾಣುವುದಿಲ್ಲ.

ಇವು ಹೆಚ್ಚಾಗಿ ಬಾಲದ ಚಕ್ರದ ವಿಮಾನಗಳು: ಮುಂದೆ ಎರಡು ಮುಖ್ಯ ಚಕ್ರ, ಬಾಲದಡಿ ಒಂದು ಸಣ್ಣ ಚಕ್ರ. ಭಾರದ ಕೇಂದ್ರ ಮುಖ್ಯ ಚಕ್ರಗಳ ಹಿಂದೆ. ನೆಲ ಮುಟ್ಟಿದಾಗ ಮೂತಿ ಸ್ವಲ್ಪ ಪಕ್ಕಕ್ಕೆ ತಿರುಗಿದರೂ ಹಿಂದಿನ ಭಾರ ಅದನ್ನು ಇನ್ನಷ್ಟು ತಿರುಗಿಸುತ್ತದೆ. ಮೂತಿ ಬೇರೆ ಉದ್ದ, ಎದುರಿನ ರನ್‌ವೇ ಕಾಣುವುದಿಲ್ಲ.

ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು ಇನ್ನೂ ಅಪಾಯ. 1947ರಲ್ಲಿ ಬ್ರಿಟಿಷ್ ನೌಕಾಪಡೆ ಸೇರಿದ ಸೀ ಫ್ಯೂರಿ ಫೈಟರನ್ನೇ ನೋಡಿ. ಸುಮಾರು 2,500 ಕುದುರೆಶಕ್ತಿಯ ಎಂಜಿನ್, ಐದು ಅಲಗಿನ ಪ್ರೊಪೆಲ್ಲರ್. ವೇಗ ಕಡಿಮೆ ಇದ್ದಾಗ ಥ್ರಾಟಲ್ (ಎಂಜಿನ್ ಶಕ್ತಿ ಹೆಚ್ಚಿಸುವ ಹಿಡಿಕೆ) ಒಮ್ಮೆಲೇ ತಳ್ಳಿದರೆ ಪ್ರೊಪೆಲ್ಲರ್ ಒಂದು ಕಡೆ ತಿರುಗುತ್ತದೆ, ವಿಮಾನ ಇನ್ನೊಂದು ಕಡೆ ಹೊರಳುತ್ತದೆ. ಆ ನಿಧಾನದಲ್ಲಿ ಏಲೆರಾನ್‌ಗಳಿಗೆ, ಅಂದರೆ ಹೊರಳುವಿಕೆ ನಿಯಂತ್ರಿಸುವ ರೆಕ್ಕೆಯ ಹಿಂದಂಚಿನ ಫಲಕಗಳಿಗೆ, ತಡೆಯುವ ಬಲವಿಲ್ಲ. ಸರಿಪಡಿಸಲು ಎತ್ತರವೂ ಇಲ್ಲ, ಅಲ್ವಾ?

ಕೊರಿಯಾ ಯುದ್ಧದಲ್ಲೂ ಹಾರಿದ ಅಮೆರಿಕದ ಕಾರ್ಸೇರ್ ಫೈಟರ್‌ಗೆ ಇಳಿಯುವಾಗ ಎಡ ರೆಕ್ಕೆ ಮೊದಲು ಎತ್ತುವ ಶಕ್ತಿ ಕಳೆದುಕೊಂಡು ಕೆಳಗೆ ಕುಸಿಯುವ ಚಾಳಿ ಇತ್ತು. ಬಲ ರೆಕ್ಕೆಯ ಮುಂದಂಚಿಗೆ ಸಣ್ಣ ಪಟ್ಟಿಯೊಂದನ್ನು ಕೂರಿಸಿ, ಎರಡೂ ರೆಕ್ಕೆ ಒಟ್ಟಿಗೇ ಕುಸಿಯುವಂತೆ ಮಾಡಿ, ಆ ಚಾಳಿಯನ್ನು ಹತೋಟಿಗೆ ತಂದರು. ಇಂಥ ವಿವರಗಳನ್ನೂ ದಯವಿಟ್ಟು ಪ್ರಕಟಿಸಿ.

— ಒಬ್ಬ ಹಳೆಯ ಓದುಗ