ಪ್ರಾಣಿಚಿತ್ರವಿರುವ ಚಿನ್ನದ ಪ್ರೂಫ್ ನಾಣ್ಯಗಳು: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಗುಂಪಿನಲ್ಲಿ ಫೋಟೋ ಹಂಚಿಕೊಳ್ಳುವ ಸಲುವಾಗಿ ಪ್ರೂಫ್ ನಾಣ್ಯಗಳನ್ನು ಕ್ಯಾಪ್ಸೂಲಿನಿಂದ, ಅಂದರೆ ನಾಣ್ಯವನ್ನು ಕಾಪಾಡುವ ಪಾರದರ್ಶಕ ಡಬ್ಬಿಯಿಂದ, ಹೊರತೆಗೆಯಬಾರದೆಂದು ಎಲ್ಲರಲ್ಲಿಯೂ ಕಳಕಳಿಯ ವಿನಂತಿ. ಪ್ರೂಫ್ ಎಂಬುದು ನಾಣ್ಯದ ಸ್ಥಿತಿಯನ್ನಲ್ಲ, ಅದನ್ನು ಟಂಕಿಸಿದ ವಿಧಾನವನ್ನು ಸೂಚಿಸುವ ಪದ. ವಿಶೇಷವಾಗಿ ಹೊಳಪು ಕೊಟ್ಟ ಅಚ್ಚುಗಳಿಂದ ಒಂದಕ್ಕಿಂತ ಹೆಚ್ಚು ಬಾರಿ ಒತ್ತುವುದರಿಂದ ಹಿನ್ನೆಲೆ ಕನ್ನಡಿಯಂತಾಗಿ, ಪ್ರಾಣಿಯ ಮೈ ಮಾತ್ರ ಮಂಜು ಕವಿದಂತೆ ಎದ್ದು ಕಾಣುತ್ತದೆ. ಆ ಕನ್ನಡಿಯನ್ನು ಮೆತ್ತನೆಯ ಬಟ್ಟೆಯಿಂದ ಒಮ್ಮೆ ಒರೆಸಿದರೂ ಕೂದಲೆಳೆಯಂಥ ಗೀರುಗಳು ಮೂಡಬಹುದು. ದೀಪದಡಿ ಓರೆಯಾಗಿ ಹಿಡಿದರೆ ಕಣ್ಣಿಗೆ ಬೀಳುವ ಈ ಗೀರುಗಳನ್ನು ಅಳಿಸಲು ಯಾವ ಉಪಾಯವೂ ಇಲ್ಲ. ಹೊರತೆಗೆಯಲೇಬೇಕಾದಾಗ ಅಂಚನ್ನಷ್ಟೇ ಹಿಡಿಯಿರಿ.

ತೂಕದ ಬಗ್ಗೆ ಪದೇ ಪದೇ ಗೊಂದಲವಾಗುತ್ತಿದೆ. ಸ್ಪ್ರಿಂಗ್‌ಬಾಕ್ ಜಿಂಕೆಯ ಚಿತ್ರವಿರುವ, 1967ರಲ್ಲಿ ಆರಂಭವಾದ ದಕ್ಷಿಣ ಆಫ್ರಿಕಾದ ಕ್ರುಗರ್‌ರ್ಯಾಂಡ್ 22 ಕ್ಯಾರಟ್ಟಿನದಾದ್ದರಿಂದ, ಒಂದು ಟ್ರಾಯ್ ಔನ್ಸ್ (ಚಿನ್ನ ತೂಗುವ ಅಳತೆ, ಸುಮಾರು 31.1 ಗ್ರಾಂ) ಶುದ್ಧ ಚಿನ್ನವಿರುವ ಆ ನಾಣ್ಯ 31.1 ಗ್ರಾಂ ಅಲ್ಲ, ತಾಮ್ರವೂ ಸೇರಿ ಸುಮಾರು 33.93 ಗ್ರಾಂ ತೂಗುತ್ತದೆ. ಚೀನಾದ ಪಾಂಡಾ ನಾಣ್ಯಗಳ ತೂಕವನ್ನು 2016ರಿಂದ ಔನ್ಸಿನ ಬದಲು ಗ್ರಾಮಿನಲ್ಲಿ ನಿಗದಿಪಡಿಸಲಾಗಿದ್ದು, ಒಂದು ಔನ್ಸಿನ ಜಾಗಕ್ಕೆ 30 ಗ್ರಾಮಿನ ನಾಣ್ಯ ಬಂದಿದೆ.

ಹೊಸಬರು ಒಂದೇ ಪ್ರಾಣಿಯ ಸರಣಿಯನ್ನು ಹಿಡಿದು ಸಂಗ್ರಹ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. 1982ರಿಂದ ಬರುತ್ತಿರುವ ಪಾಂಡಾದ ಚಿತ್ರ ಬಹುತೇಕ ಪ್ರತಿವರ್ಷವೂ ಬದಲಾಗುತ್ತದೆ, 2001 ಮತ್ತು 2002ರಲ್ಲಿ ಮಾತ್ರ ಒಂದೇ ಚಿತ್ರವಿದೆ. ಖರೀದಿಸುವಾಗ ಮೂಲ ಪೆಟ್ಟಿಗೆ ಮತ್ತು ಪ್ರಮಾಣಪತ್ರ ಜೊತೆಗಿವೆಯೇ ಎಂದು ಕೇಳಿ, ಆದರೆ ಅವುಗಳನ್ನಷ್ಟೇ ನಂಬದೆ ತೂಕವನ್ನೂ ವ್ಯಾಸವನ್ನೂ ಅಳೆಸಿ ನೋಡಿ.