ಇಪ್ಪತ್ತು ಟನ್ ಬ್ಲಾಕು ಹೊರುವವರು ಯಾರು?

ಮಾನ್ಯ ಸಂಪಾದಕರೇ,

ಕೊರಟಗೆರೆ ತಾಲ್ಲೂಕಿನ ಒಂದು ಮೂಲೆಯಲ್ಲಿ ನಾಲ್ಕೇ ಮನೆಗಳ ಹಟ್ಟಿ ನಮ್ಮದು. ಟಾರು ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ ಬರಬೇಕು. ಮಧ್ಯೆ ಒಂದು ಹಳ್ಳ, ಹಳ್ಳ ದಾಟಿದರೆ ಏರು, ಏರು ಮುಗಿದಲ್ಲಿ ನಮ್ಮ ಮನೆ. ಹಳೇ ಮಣ್ಣಿನ ಮನೆಯ ಹಿಂದಿನ ಗೋಡೆ ಮಳೆಗೆ ಕೂತುಹೋದ ಮೇಲೆ ಪಂಚಾಯಿತಿಯಿಂದ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಮನೆ ಮಂಜೂರಾಯಿತು. ಖುಷಿಯೇ ಆಯಿತು, ಸುಳ್ಳು ಹೇಳಬಾರದು. ಆದರೆ ಆ ಮನೆಗೆ ಸಾಮಾನು ಸಾಗಿಸುವಷ್ಟರಲ್ಲಿ ಮನೆ ಕಟ್ಟುವ ಆಸೆಯೇ ಬತ್ತಿಹೋಗಿತ್ತು.

ಯೋಜನೆಯ ಪ್ರಕಾರ ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಚಿಕ್ಕ ಮನೆಯೇ. ಆದರೂ ಮೇಸ್ತ್ರಿ ಹೇಳಿದ ಲೆಕ್ಕ ಕೇಳಿ: 110 ಮೂಟೆ ಸಿಮೆಂಟು, ಒಂದು ಟನ್ ಹತ್ತಿರ ಕಂಬಿ, ಆರು ಇಂಚಿನ ಸಾಲಿಡ್ ಬ್ಲಾಕು 800. ಎಂ-ಸ್ಯಾಂಡು, ಜಲ್ಲಿ ಬೇರೆ. ಬ್ಲಾಕು ಒಂದೊಂದೂ 25 ಕೆ.ಜಿ. ಹತ್ತಿರ ತೂಗುತ್ತದೆ. ಅಂದರೆ ಬರೀ ಬ್ಲಾಕೇ 20 ಟನ್.

ಎಂ-ಸ್ಯಾಂಡ್ ತಂದ ಟಿಪ್ಪರ್‌ನವನು ರಸ್ತೆ ಬದಿ ನಿಲ್ಲಿಸಿ, ಇಳಿದು, ನಮ್ಮ ದಾರಿಯನ್ನು ಒಂದು ಸಲ ನೋಡಿದ. 'ಒಳಗೆ ಬಂದು ಸಿಕ್ಕಿಹಾಕ್ಕೊಂಡ್ರೆ ನೀವು ಎಳೀತೀರಾ ಅಣ್ಣಾ?' ಎಂದು ಕೇಳಿ ಅಲ್ಲೇ ಸುರಿದು ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆ ರಾತ್ರಿಯೇ ಮಳೆ ಬಂತು. ಬೆಳಗ್ಗೆ ನೋಡಿದರೆ ಮರಳಿನ ರಾಶಿಯ ಕಾಲು ಭಾಗ ಚರಂಡಿ ಪಾಲಾಗಿತ್ತು. ಇನ್ನಷ್ಟು ಟಾರಿನ ಮೇಲೆ ಹರಡಿತ್ತು. ಬೈಕಿನವರೆಲ್ಲ ಬೈದುಕೊಂಡು ಹೋದರು. ಬೈಯಲೇಬೇಕು, ಜಾರಿ ಬಿದ್ದರೆ ಯಾರು ಗತಿ?

ಕೊನೆಗೆ ತೋಟದ ಕೆಲಸಕ್ಕೆ ಇರುವ ಪವರ್ ಟಿಲ್ಲರ್ ಒಂದನ್ನು ಬಾಡಿಗೆಗೆ ಹಿಡಿದೆವು. ಅದು ಹಳ್ಳದ ತನಕ ಬಂತು. ಅಲ್ಲಿಂದ ಮನೆಗೆ ನಾನೂರು ಮೀಟರ್ ತಲೆ ಹೊರೆಯೇ. ಹಳೇ ಸೀರೆಯ ಸಿಂಬೆ ಸುತ್ತಿ ನನ್ನ ಹೆಂಡತಿ, ಅತ್ತಿಗೆ, ಇಬ್ಬರು ಕೂಲಿಯವರು ಒಂದೊಂದೇ ಬ್ಲಾಕು ಹೊತ್ತರು. ಹೋಗಿ ಬರುವುದು 800 ಮೀಟರ್, ಬ್ಲಾಕು 800. ಮಗಳು ಲೆಕ್ಕ ಹಾಕಿ '640 ಕಿಲೋಮೀಟರ್ ಅಪ್ಪಾ' ಎಂದಳು. ನಡೆದುಕೊಂಡು ಬೀದರಿನ ಕಡೆ ಹೊರಟಿದ್ದರೆ ಹತ್ತಿರ ಹತ್ತಿರ ಮುಟ್ಟುತ್ತಿದ್ದರೇನೋ!

ಸಿಮೆಂಟಿನದು ಇನ್ನೊಂದು ಪಾಡು. 50 ಕೆ.ಜಿ. ಮೂಟೆಯನ್ನು ಹೆಂಗಸರು ಹೊರುವ ಹಾಗಿಲ್ಲ, ಅದು ನಮ್ಮ ಬೆನ್ನಿಗೇ ಬಂತು. ಹಳ್ಳದಲ್ಲಿ ಮೊಣಕಾಲುದ್ದ ನೀರು. ಮೂರನೇ ದಿನ ನನ್ನ ಕಾಲು ಪಾಚಿ ಕಲ್ಲಿನ ಮೇಲೆ ಜಾರಿತು. ಮೂಟೆ ನೀರಿಗೆ ಬಿದ್ದು ಬಾಯಿ ಬಿಟ್ಟಿತು. ಹಳ್ಳ ಒಂದಿಷ್ಟು ದೂರ ಬೂದಿ ಬಣ್ಣಕ್ಕೆ ತಿರುಗಿ ಹರಿದಿದ್ದು ಇನ್ನೂ ಕಣ್ಣಲ್ಲೇ ಇದೆ. ಕಂಬಿ ನಲವತ್ತು ಅಡಿ ಉದ್ದ. ಅಂಗಡಿಯಲ್ಲೇ ನಡುವೆ ಮಡಚಿ ಕೊಟ್ಟರು. ಮಡಚಿದರೂ ಇಪ್ಪತ್ತಡಿ. ಅಡಿಕೆ ಸಾಲಿನ ನಡುವೆ ಹೆಗಲ ಮೇಲಿಟ್ಟುಕೊಂಡು ತಿರುಗಿಸುವುದು ಎಂದರೆ ಹಿಂದಿನವನು ಎಡಕ್ಕೆ, ಮುಂದಿನವನು ಬಲಕ್ಕೆ. ಬೈಗುಳ ಮಾತ್ರ ಇಬ್ಬರಿಗೂ.

ಈಗ ವಿಷಯಕ್ಕೆ ಬರುತ್ತೇನೆ. ಈ ಸಾಗಣೆಯ ಖರ್ಚು ಯಾವ ಲೆಕ್ಕದಲ್ಲೂ ಇಲ್ಲ. ಕೇಂದ್ರದ ಯೋಜನೆಯಲ್ಲಿ ಮನೆಗೆ ನಿಗದಿಯಾಗಿರುವುದು ಬಯಲು ಪ್ರದೇಶಕ್ಕೆ 1.20 ಲಕ್ಷ, ಗುಡ್ಡಗಾಡು ರಾಜ್ಯಗಳು ಮತ್ತು ದುರ್ಗಮ ಪ್ರದೇಶಗಳಿಗೆ 1.30 ಲಕ್ಷ ರೂಪಾಯಿ. ನಮ್ಮದು ಬಯಲುಸೀಮೆ, ಹಾಗಾಗಿ 1.20. ಸರಿ, ಹಿಮಾಲಯದವರ ಕಷ್ಟ ನಮಗಿಲ್ಲ. ಆದರೆ ರಸ್ತೆ ಬದಿಯ ಮನೆಗೂ ಹಳ್ಳದಾಚೆಯ ಮನೆಗೂ ಒಂದೇ ದುಡ್ಡು ಎಂದರೆ ಹೇಗೆ? ಬಾಗಿಲಿಗೇ ಟಿಪ್ಪರ್ ಬರುತ್ತದೆ ಎಂದು ಲೆಕ್ಕ ಹಾಕಿದವರು ನಮ್ಮ ಕಡೆ ಒಮ್ಮೆಯೂ ನಡೆದು ಬಂದಿಲ್ಲ ಅನ್ನಿಸುತ್ತದೆ.

ಹಾಗಂತ ದುಡ್ಡು ಜಾಸ್ತಿ ಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ನಮಗೆ ದಾರಿ ಇಲ್ಲ ಎಂದೇನಿಲ್ಲ. ಗ್ರಾಮ ನಕಾಶೆಯಲ್ಲಿ ಎರಡು ಸಾಲು ಚುಕ್ಕೆ ಹಾಕಿ ಬಂಡಿದಾರಿ ಎಂದೇ ತೋರಿಸಿದ್ದಾರೆ. ಹಳ್ಳದ ಅಗಲವಾದ, ನೀರು ತೆಳ್ಳಗಿರುವ ಜಾಗದಲ್ಲಿ ಅದು ದಾಟಿ ಬರುತ್ತದೆ. ನಮ್ಮ ತಾತ ಎತ್ತಿನ ಗಾಡಿಯಲ್ಲಿ ಗೊಬ್ಬರ ಹೊಡೆದದ್ದು ಅದೇ ದಾರಿಯಲ್ಲಿ. ಗಾಡಿ ನಿಂತಿತು, ದಾರಿಗೆ ಕಲ್ಲುಕಂಬ ಬಂತು, ತಂತಿ ಬೇಲಿ ಬಂತು, ಈಗ ಅಡಿಕೆ ಗಿಡ ಆಳೆತ್ತರ ಆಗಿದೆ. ಯಾರೊಬ್ಬರನ್ನೇ ದೂರಿ ಪ್ರಯೋಜನವಿಲ್ಲ, ನಾವೂ ಸುಮ್ಮನೆ ಇದ್ದೆವು. ಒತ್ತುವರಿ ತೆರವಿಗೆ ಅರ್ಜಿ ಕೊಟ್ಟಿದ್ದೇವೆ. ಸರ್ವೆಗೆ ದಿನಾಂಕ ಸಿಕ್ಕಿಲ್ಲ. ಒಂಟಿ ಮನೆ, ಹಟ್ಟಿಗಳಿಗೆ ಮನೆ ಮಂಜೂರು ಮಾಡುವಾಗಲೇ ಟ್ರ್ಯಾಕ್ಟರ್ ಹೋಗುತ್ತದೆಯೇ ಎಂದು ನೋಡಿ, ನಕಾಶೆ ದಾರಿ ಮುಚ್ಚಿದ್ದರೆ ಮೊದಲು ಅದನ್ನು ಬಿಡಿಸಿಕೊಡಲಿ. ಕಂತಿನ ಹಣಕ್ಕೆ ಬೇಕಾದ ತಳಪಾಯದ ಫೋಟೊ ಆಮೇಲೆ ತೆಗೆದುಕೊಳ್ಳಲಿ.

ದಾರಿ ಬಿಡಿಸುವುದು ತಡವಾಗುತ್ತದೆ ಎನ್ನುವುದಾದರೆ ಇನ್ನೊಂದು ಉಪಾಯವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1974ರಲ್ಲಿ ಹಳ್ಳಿಗಳಿಗೆ ವಿಜ್ಞಾನ, ತಂತ್ರಜ್ಞಾನ ಮುಟ್ಟಿಸಲು 'ಅಸ್ತ್ರ' ಎಂಬ ವಿಭಾಗ ಶುರು ಮಾಡಿದರು. ಸೌದೆ ಉಳಿಸುವ ಅಸ್ತ್ರ ಒಲೆ ಎಂದರೆ ಹಳಬರಿಗೆ ನೆನಪಾಗುತ್ತದೆ. ಅವರು ಹಳ್ಳಿಯ ಕೇಂದ್ರ ಇಟ್ಟುಕೊಂಡಿದ್ದು ನಮ್ಮದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಲ್ಲಿ ಒತ್ತುವ ಯಂತ್ರದಿಂದ ಗಟ್ಟಿ ಇಟ್ಟಿಗೆ ಮಾಡುವ ಕೆಲಸವನ್ನು ಬೆಳೆಸಿದ್ದೂ ಅವರೇ. ಸುಡಬೇಕಾಗಿಲ್ಲ, ನೀರು ಹಾಕಿ ಕ್ಯೂರಿಂಗ್ ಮಾಡಿದರೆ ಸಾಕು. ನೂರು ಕೆ.ಜಿ. ಮಣ್ಣಿಗೆ ಏಳೆಂಟು ಕೆ.ಜಿ. ಸಿಮೆಂಟು. ನಮ್ಮ ಕಡೆಯ ಮರಳು ಮಿಶ್ರಿತ ಕೆಮ್ಮಣ್ಣು ಅದಕ್ಕೆ ಹೇಳಿ ಮಾಡಿಸಿದ್ದು. ಆ ಲೆಕ್ಕದಲ್ಲಿ 20 ಟನ್ ಬ್ಲಾಕಿನ ಬದಲು ಮೂವತ್ತು ಮೂಟೆ ಸಿಮೆಂಟು ಹೊತ್ತಿದ್ದರೆ ನಮ್ಮ ಗೋಡೆ ಎದ್ದುಬಿಡುತ್ತಿತ್ತು! ಮಣ್ಣು ಅಂಗಳದಲ್ಲೇ ಇತ್ತು. ಇದು ನನಗೆ ಗೊತ್ತಾಗಿದ್ದು ಗೋಡೆ ಲಿಂಟಲ್‌ಗೆ ಬಂದ ಮೇಲೆ. ಹೋಬಳಿಗೊಂದು ಅಂಥ ಯಂತ್ರ ಇಟ್ಟು, ಬಾಡಿಗೆಗೆ ಕೊಟ್ಟರೂ ಆಗುತ್ತದೆ. ಯಂತ್ರವನ್ನು ನಾಲ್ಕು ಜನ ಹಿಡಿದು ಒಂದು ಸಲ ಹಳ್ಳ ದಾಟಿಸಿದರೆ ಮುಗಿಯಿತು.

ನಮ್ಮ ಪಕ್ಕದ ಮನೆಯ ಅಜ್ಜಿಗೂ ಈ ಸಲ ಮನೆ ಬಂದಿದೆ. ಮನೆಯಲ್ಲಿ ಗಂಡಾಳಿಲ್ಲ. 'ನಿಮ್ಮ ಥರ ಹೊರಕ್ಕೆ ನನ್ನ ಕೈಲಾಗಲ್ಲ ಕಣಪ್ಪಾ, ವಾಪಸ್ ಬರೆದುಕೊಟ್ಬಿಡ್ಲಾ?' ಎಂದು ಮೊನ್ನೆ ಕೇಳಿದರು. ಯುಗಾದಿ ತನಕ ತಡೆಯಿರಿ ಎಂದಿದ್ದೇನೆ. ಅಷ್ಟರೊಳಗೆ ಸರ್ವೆಯವರು ಒಂದು ದಿನ ಬಂದು ಆ ದಾರಿ ಅಳೆದುಕೊಟ್ಟರೆ, ಅಜ್ಜಿಗೆ ಹೇಳಲು ನನಗೊಂದು ಮಾತಾದರೂ ಸಿಗುತ್ತದೆ.

– ಹಳ್ಳದಾಚೆಯ ಹಟ್ಟಿಯವ, ಕೊರಟಗೆರೆ ತಾಲ್ಲೂಕು, ತುಮಕೂರು ಜಿಲ್ಲೆ